ಬಾಟಲಿಯೊಳಗಿನ ಬಂಗಡೆ



ಕಾರವಾರದಿಂದ ಗೋವಾ ಕಡೆಗೆ ಬಸ್ಸಿನಲ್ಲಿ ಹೊರಟರೆ, ಪಟ್ಟಣ ಮುಗಿದು ಕಾಳಿ ನದಿಯ ಸೇತುವೆ ಶುರುವಾಗುವ ಮೊದಲು ಸಿಗುವ ಊರು ಕೋಡಿಬಾಗ. ನದಿಯ ಆಚೆ ದಡದಲ್ಲಿ ಸದಾಶಿವಗಡ. 2024ರ ಆಗಸ್ಟ್ 7ರಂದು ಕುಸಿದುಬಿದ್ದ ಹಳೆಯ ಸೇತುವೆ ಈ ಎರಡು ಊರುಗಳನ್ನೇ ಜೋಡಿಸುತ್ತಿತ್ತು. ಸಿಹಿನೀರು ಉಪ್ಪುನೀರಿಗೆ ಸೇರುವ ಈ ಜಾಗದಲ್ಲಿ ಕಾಂಡ್ಲಾ ಗಿಡಗಳಿವೆ, ಕೆಸರಿನಲ್ಲಿ ಏಡಿಗಳಿವೆ, ಮರಳಿನಲ್ಲಿ ಬಳಚು ಸಿಗುತ್ತದೆ. ಕರ್ನಾಟಕ ವಿಶ್ವವಿದ್ಯಾಲಯವು ತನ್ನ ಕಡಲ ಜೀವಶಾಸ್ತ್ರ ವಿಭಾಗವನ್ನು ಧಾರವಾಡದಲ್ಲಿ ಇಡದೆ ಕೋಡಿಬಾಗದಲ್ಲಿ ಏಕೆ ಇಟ್ಟಿದೆ ಎಂದು ಬೇರೆ ಹೇಳಬೇಕಾಗಿಲ್ಲ. ಧಾರವಾಡದಲ್ಲಿ ಪೇಡೆ ಸಿಗುತ್ತದೆ, ಕಡಲು ಸಿಗುವುದಿಲ್ಲ!

ಇಂಥ ಸಂಸ್ಥೆಗಳ ಒಳಗೆ ಏನು ನಡೆಯುತ್ತದೆ ಎಂಬುದು ಹೊರಗಿನವರಿಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ದಿನವೂ ಅದೇ ರಸ್ತೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಕಾಣುವುದು ಗೇಟು ಮತ್ತು ಬೋರ್ಡು ಮಾತ್ರ. ಆದರೆ ವರ್ಷದಲ್ಲಿ ಒಂದೆರಡು ದಿನ ನಮ್ಮ ದೇಶದ ಅನೇಕ ಸಂಶೋಧನಾ ಸಂಸ್ಥೆಗಳು ಶಾಲಾ ಮಕ್ಕಳಿಗೂ ಸಾರ್ವಜನಿಕರಿಗೂ ತಮ್ಮ ಬಾಗಿಲು ತೆರೆಯುತ್ತವೆ. ಇದನ್ನು ‘ಮುಕ್ತ ದಿನ’ ಅಥವಾ ‘ಓಪನ್ ಡೇ’ ಎನ್ನುತ್ತಾರೆ. ಅಂದು ಪ್ರಯೋಗಶಾಲೆಯ ಮೇಜುಗಳ ಮೇಲೆ ವಸ್ತುಪ್ರದರ್ಶನ ಇರುತ್ತದೆ. ಸೂಕ್ಷ್ಮದರ್ಶಕದಲ್ಲಿ ಇಣುಕಿ ನೋಡಬಹುದು. ಸಂಶೋಧಕರೇ ಎದುರು ನಿಂತು ವಿವರಿಸುತ್ತಾರೆ. ಪ್ರವೇಶಕ್ಕೆ ಸಾಮಾನ್ಯವಾಗಿ ಶುಲ್ಕವಿಲ್ಲ.

ನೀವೂ ಒಮ್ಮೆ ಹೋಗಬೇಕು ಎಂಬುದು ನನ್ನ ಆಸೆ. ಹೋಗುವ ಮೊದಲು ನಾನು ಮಾಡಿದ ಒಂದು ತಪ್ಪನ್ನು ನಿಮಗೆ ಹೇಳಿಬಿಡುತ್ತೇನೆ.

ನಾನು ಮಾಡಿದ ತಪ್ಪು

ಕೆಲವು ವರ್ಷಗಳ ಹಿಂದೆ ನಲವತ್ತು ಮಕ್ಕಳನ್ನು ಕರೆದುಕೊಂಡು ಇಂಥ ಒಂದು ಪ್ರದರ್ಶನಕ್ಕೆ ಹೋಗಿದ್ದೆ. ಹೋಗುವಾಗಲೇ ಕಟ್ಟುನಿಟ್ಟಾಗಿ ಹೇಳಿದ್ದೆ: ಸಾಲಾಗಿ ನಡೆಯಬೇಕು, ಗಲಾಟೆ ಮಾಡಬಾರದು, ಯಾವುದನ್ನೂ ಮುಟ್ಟಬಾರದು, ಪ್ರತಿಯೊಂದು ಬಾಟಲಿಯ ಮೇಲಿನ ಹೆಸರನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಮಕ್ಕಳು ಹೇಳಿದಂತೆಯೇ ಮಾಡಿದರು. ಒಂದೂವರೆ ಗಂಟೆಯಲ್ಲಿ ಎಲ್ಲ ಮುಗಿಯಿತು. ಸಂಶೋಧಕರೊಬ್ಬರು, “ಏನಾದರೂ ಪ್ರಶ್ನೆ ಇದೆಯೇ?” ಎಂದು ಕೇಳಿದಾಗ ಎಲ್ಲರೂ ನನ್ನ ಮುಖ ನೋಡಿದರು. ಯಾರೂ ಬಾಯಿ ಬಿಡಲಿಲ್ಲ. ‘ಎಷ್ಟು ಶಿಸ್ತಿನ ಮಕ್ಕಳು’ ಎಂದು ಅವರು ಹೊಗಳಿದರು. ನನಗೂ ಖುಷಿಯಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಆರನೇ ತರಗತಿಯ ಒಬ್ಬ ಹುಡುಗಿ ನನ್ನ ಪಕ್ಕಕ್ಕೆ ಬಂದು ಕುಳಿತಳು. ಅವಳ ತಂದೆ ಮೀನುಗಾರರು. ಮೆಲ್ಲಗೆ ಕೇಳಿದಳು: “ಅಕ್ಕೋರೇ, ಆ ಬಾಟಲಿಯಲ್ಲಿದ್ದ ಬಂಗಡೆ ಅಷ್ಟು ಸಣ್ಣದು ಯಾಕೆ? ಅಪ್ಪ ಅಂಥಾದ್ದು ತಂದ್ರೆ ಆಯಿ ಬೈತಾಳೆ. ಮತ್ತೆ ಅದು ಬೆಳ್ಳಗೆ ಯಾಕಿತ್ತು? ಬಂಗಡೆ ಬೆನ್ನು ಹಸಿರು ಅಲ್ವಾ?”

ನನ್ನ ಬಳಿ ಉತ್ತರವಿರಲಿಲ್ಲ. ಎಂಎಸ್ಸಿ ಮಾಡಿದ್ದೇನೆ, ಆದರೂ ಇರಲಿಲ್ಲ. ಉತ್ತರ ಗೊತ್ತಿದ್ದವರು ಅರ್ಧ ಗಂಟೆ ಮೊದಲು ನಮ್ಮೆದುರೇ ನಿಂತು ಪ್ರಶ್ನೆ ಕೇಳಿ ಎಂದಿದ್ದರು. ಅವಳ ಬಾಯಿ ಮುಚ್ಚಿಸಿದವಳು ನಾನೇ. ಅಂದಿನಿಂದ ನಾನು ಮಕ್ಕಳಿಗೆ ಹೆಸರು ಬರೆದುಕೊಳ್ಳಲು ಹೇಳುವುದನ್ನು ಬಿಟ್ಟಿದ್ದೇನೆ.

ಬೆಳ್ಳಗೆ ಏಕೆ, ಸಣ್ಣದು ಏಕೆ?

ಮುಂದಿನ ವರ್ಷ ಮತ್ತೆ ಹೋದೆವು. ಈ ಸಲ ಅವಳೇ ಕೇಳಿದಳು. ಮೊದಲ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು. ಸತ್ತ ಮೀನನ್ನು ಹಾಗೆಯೇ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ಕೊಳೆಯಿಸುತ್ತವೆ. ಅದಕ್ಕಾಗಿ ಮೀನನ್ನು ಫಾರ್ಮಲಿನ್ ಎಂಬ ದ್ರಾವಣದಲ್ಲಿ ಇಡುತ್ತಾರೆ. ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ನೀರಿನಲ್ಲಿ ಕರಗಿಸಿದರೆ ಸಿಗುವುದೇ ಫಾರ್ಮಲಿನ್. ಅದು ಮೀನಿನ ಪ್ರೋಟೀನುಗಳನ್ನು ಒಂದಕ್ಕೊಂದು ಹೆಣೆದು ಗಟ್ಟಿಮಾಡುತ್ತದೆ, ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಮೀನಿನ ಆಕಾರ ವರ್ಷಗಟ್ಟಲೆ ಉಳಿಯುತ್ತದೆ. ಆದರೆ ಬಣ್ಣ ಉಳಿಯುವುದಿಲ್ಲ. ಹಸಿರು, ನೀಲಿ, ಬೆಳ್ಳಿಹೊಳಪು ಎಲ್ಲ ಮಾಸಿಹೋಗುತ್ತವೆ. ಬಾಟಲಿಯ ಮೀನನ್ನಷ್ಟೇ ನೋಡಿದವರಿಗೆ ಬಂಗಡೆ ಎಂದರೆ ಬೂದುಬಣ್ಣದ ಮೀನು ಎಂದೇ ಅನಿಸೀತು. ಈ ವಿಷಯದಲ್ಲಿ ಮೀನುಪೇಟೆಗೆ ಹೋಗುವ ನಿಮಗೇ ಹೆಚ್ಚು ಗೊತ್ತು. (ಫಾರ್ಮಲಿನ್ ವಿಷಕಾರಿ. ಅದರ ವಾಸನೆ ಕಣ್ಣು, ಮೂಗನ್ನು ಉರಿಸುತ್ತದೆ. ಬಾಟಲಿಯ ಮುಚ್ಚಳ ತೆಗೆಯುವ ಸಾಹಸ ಬೇಡ.)

ಎರಡನೆಯ ಪ್ರಶ್ನೆ ಬಂದಾಗ ಆ ಸಂಶೋಧಕರು ತಕ್ಷಣ ಉತ್ತರ ಹೇಳಲಿಲ್ಲ. ತಿರುಗಿ ಅವಳನ್ನೇ ಕೇಳಿದರು: “ನಿಮ್ಮ ಆಯಿ ಯಾಕೆ ಬೈತಾರೆ?”

“ಅದರಲ್ಲಿ ಮೊಟ್ಟೆ ಇರೂದಿಲ್ಲ ಸರ್, ಬರೀ ಮುಳ್ಳು.”

ಅವರು ನಕ್ಕುಬಿಟ್ಟರು. ತಮ್ಮ ಮೇಜಿನ ಮೇಲಿದ್ದ ದೊಡ್ಡ ರಿಜಿಸ್ಟರ್ ತೆರೆದು ತೋರಿಸಿದರು. ಅದರಲ್ಲಿ ಸಾಲು ಸಾಲಾಗಿ ಅಂಕಿಗಳು. ಮೀನಿನ ಉದ್ದ, ತೂಕ, ಗಂಡೋ ಹೆಣ್ಣೋ, ಹೊಟ್ಟೆಯೊಳಗಿನ ಮೊಟ್ಟೆಯ ಚೀಲ ಎಷ್ಟು ಬೆಳೆದಿದೆ, ಹಿಡಿದ ದಿನಾಂಕ. “ನಿಮ್ಮ ಆಯಿ ಕಣ್ಣಿನಲ್ಲಿ ನೋಡಿ ಹೇಳುವುದನ್ನೇ ನಾವು ಅಳೆದು ಬರೆದಿಡುತ್ತೇವೆ” ಎಂದರು.

ವಿಷಯ ಹೀಗಿದೆ. ಮರಿಮೀನಿನ ಹೊಟ್ಟೆಯಲ್ಲಿ ಮೊಟ್ಟೆಯ ಚೀಲ ದಾರದ ಎಳೆಯಂತೆ ತೆಳ್ಳಗಿರುತ್ತದೆ. ಬೆಳೆದಂತೆ ಅದು ದಪ್ಪವಾಗುತ್ತದೆ, ಬಣ್ಣ ಬದಲಾಗುತ್ತದೆ, ಕೊನೆಗೆ ಹೊಟ್ಟೆಯ ತುಂಬ ಮೊಟ್ಟೆ. ನೂರಾರು ಮೀನುಗಳನ್ನು ಹೀಗೆ ಕೊಯ್ದು ನೋಡಿದರೆ, ಒಂದು ಉದ್ದ ದಾಟಿದ ಮೇಲೆ ಅರ್ಧದಷ್ಟು ಮೀನುಗಳು ಮೊಟ್ಟೆಯಿಡಲು ಸಿದ್ಧವಾಗಿರುವುದು ಕಾಣುತ್ತದೆ. ವಿಜ್ಞಾನಿಗಳಿಗೆ ಬೇಕಾದ ಅಂಕಿ ಅದೇ. ಅದಕ್ಕಿಂತ ಸಣ್ಣ ಮೀನನ್ನು ಹಿಡಿದರೆ, ಅದು ಒಮ್ಮೆಯೂ ಮರಿ ಮಾಡದೆ ಬುಟ್ಟಿ ಸೇರಿತು ಎಂದರ್ಥ. ಇಂಥ ಅಳತೆಗಳ ಆಧಾರದ ಮೇಲೆಯೇ ಕೇರಳ ಸರ್ಕಾರ 2015ರಲ್ಲಿ 14 ಜಾತಿಯ ಮೀನುಗಳಿಗೆ ಕನಿಷ್ಠ ಗಾತ್ರ ಗೊತ್ತುಮಾಡಿತು. ಬಂಗಡೆಗೆ 14 ಸೆಂಟಿಮೀಟರ್, ತಾರ್ಲೆಗೆ 10 ಸೆಂಟಿಮೀಟರ್. ನಿಮ್ಮ ಸ್ಕೇಲನ್ನು ತೆಗೆದು 14 ಸೆಂಟಿಮೀಟರ್ ಎಷ್ಟು ಎಂದು ನೋಡಿ. ನಿಮ್ಮ ಮನೆಗೆ ಬರುವ ಬಂಗಡೆ ಅದಕ್ಕಿಂತ ಉದ್ದವೋ, ಗಿಡ್ಡವೋ?

ಬಾಟಲಿಯ ಬಂಗಡೆ ಸಣ್ಣದಾಗಿದ್ದಕ್ಕೆ ಇನ್ನೊಂದು ಕಾರಣವೂ ಇತ್ತೆನ್ನಿ. ಬಾಟಲಿ ಅಷ್ಟೇ ದೊಡ್ಡದಿತ್ತು!

ಹೆಸರಿನೊಳಗೊಂದು ಕತೆ

ಬಾಟಲಿಯ ಮೇಲೆ ‘ರಾಸ್ಟ್ರೆಲಿಗರ್ ಕನಗುರ್ತ’ ಎಂದು ಬರೆದಿರುತ್ತದೆ. ಇದು ಬಂಗಡೆಯ ವೈಜ್ಞಾನಿಕ ಹೆಸರು. ಕೇಳಿದರೆ ಎಲ್ಲಿಯದೋ ಪರದೇಶದ ಮಾತು ಎನಿಸುತ್ತದೆ, ಅಲ್ಲವೇ? ಇನ್ನೂರು ವರ್ಷಗಳಿಗೂ ಹಿಂದೆ ಪ್ಯಾಟ್ರಿಕ್ ರಸ್ಸೆಲ್ ಎಂಬ ವೈದ್ಯರು ವಿಶಾಖಪಟ್ಟಣದ ಕಡಲತೀರದಲ್ಲಿ ಸಿಗುವ ಮೀನುಗಳ ಚಿತ್ರ ಬರೆಯಿಸಿ, ಅವುಗಳ ವಿವರಗಳನ್ನು ಸೇರಿಸಿ ಒಂದು ಪುಸ್ತಕ ಮಾಡಿದರು. ಅದು 1803ರಲ್ಲಿ ಪ್ರಕಟವಾಯಿತು. ಅದರಲ್ಲಿ 200 ಮೀನುಗಳಿವೆ. ಮೀನಿನ ಹೆಸರು ತಿಳಿಯಲು ಅವರು ಕೇಳಿದ್ದು ಅಲ್ಲಿನ ಜನರನ್ನೇ. ಅವರು ತೆಲುಗಿನಲ್ಲಿ ‘ಕನಗುರ್ತ’ ಎಂದರು, ರಸ್ಸೆಲ್ ಹಾಗೆಯೇ ಬರೆದುಕೊಂಡರು. ಮುಂದೆ 1816ರಲ್ಲಿ ಫ್ರಾನ್ಸ್ ದೇಶದ ಕುವಿಯೆ ಎಂಬ ದೊಡ್ಡ ವಿಜ್ಞಾನಿ ಅದೇ ಹೆಸರನ್ನು ವೈಜ್ಞಾನಿಕ ಹೆಸರಿನಲ್ಲಿ ಸೇರಿಸಿದರು. ಇಂದು ಜಪಾನಿನ ವಿಜ್ಞಾನಿಯೂ ಆಫ್ರಿಕದ ವಿಜ್ಞಾನಿಯೂ ನಮ್ಮ ಬಂಗಡೆಯನ್ನು ಕರೆಯುವುದು ಆಂಧ್ರದ ಮೀನುಗಾರರ ಮಾತಿನಿಂದಲೇ. ರಸ್ಸೆಲ್ ವಿಶಾಖಪಟ್ಟಣದ ಬದಲು ಕಾರವಾರದಲ್ಲಿ ಇದ್ದಿದ್ದರೆ ಹೆಸರು ಏನಾಗುತ್ತಿತ್ತೋ!

ನೋಟ್‌ಬುಕ್ ಹಿಡಿದು ಬರುವವರು ಯಾರು?

ನಿಮ್ಮಲ್ಲಿ ಬೈತಖೋಲ ಬಂದರಿಗೋ, ಅಂಕೋಲೆಯ ಬೇಲೇಕೇರಿಗೋ ಹೋಗುವವರು ಇದನ್ನು ನೋಡಿರಬಹುದು. ದೋಣಿಗಳು ಮೀನು ಇಳಿಸುವ ಹೊತ್ತಿಗೆ ಒಬ್ಬರು ನೋಟ್‌ಬುಕ್ ಹಿಡಿದು ಬರುತ್ತಾರೆ. ಎಷ್ಟು ಬುಟ್ಟಿ ಬಂತು, ಯಾವ ಬಲೆ, ಎಷ್ಟು ಹೊತ್ತು ಕಡಲಿನಲ್ಲಿದ್ದಿರಿ ಎಂದೆಲ್ಲ ಕೇಳುತ್ತಾರೆ. ಕೆಲವು ಮೀನು ಎತ್ತಿ ಉದ್ದ ಅಳೆಯುತ್ತಾರೆ. ತೆರಿಗೆಯವರು ಬಂದರು ಎಂದು ಅನುಮಾನಿಸಿ ಲೆಕ್ಕವನ್ನು ಕಡಿಮೆ ಹೇಳುವವರೂ ಇದ್ದಾರೆ! ಆದರೆ ಅವರು ತೆರಿಗೆಯವರಲ್ಲ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಎಂಬ ಸಂಸ್ಥೆ ಇದೆ. 1947ರ ಫೆಬ್ರುವರಿ 3ರಂದು ತಮಿಳುನಾಡಿನ ಮಂಡಪಂ ಎಂಬಲ್ಲಿ ಆರಂಭವಾದ ಇದರ ಪ್ರಧಾನ ಕಚೇರಿ ಈಗ ಕೊಚ್ಚಿಯಲ್ಲಿದೆ. ಕಾರವಾರದಲ್ಲಿಯೂ ಇದರ ಕೇಂದ್ರವಿದೆ. ಇಡೀ ದೇಶದ ಕಡಲತೀರದಲ್ಲಿ ಹೀಗೆ ಲೆಕ್ಕ ಬರೆಯುವುದು ಇದರ ಕೆಲಸಗಳಲ್ಲಿ ಒಂದು.

ಎಲ್ಲ ದೋಣಿಗಳ ಮೀನನ್ನೂ ಎಣಿಸಲು ಸಾಧ್ಯವೇ? ಇಲ್ಲ. ಅದಕ್ಕೆ ಒಂದು ಉಪಾಯವಿದೆ. ಒಂದು ದಿನ ಬಂದರಿಗೆ 60 ದೋಣಿ ಬಂದವು ಎಂದಿಟ್ಟುಕೊಳ್ಳಿ. ಅವುಗಳಲ್ಲಿ 12 ದೋಣಿಗಳನ್ನು ಮಾತ್ರ ಆರಿಸಿ ನೋಡಿದಾಗ ಒಟ್ಟು 3,600 ಕಿಲೋ ಮೀನು ಸಿಕ್ಕಿತು. ಒಂದು ದೋಣಿಗೆ ಸರಾಸರಿ ಎಷ್ಟು? 300 ಕಿಲೋ. ಹಾಗಾದರೆ 60 ದೋಣಿಗೆ 18,000 ಕಿಲೋ. ನಿಮ್ಮ ಗಣಿತ ಪುಸ್ತಕದ ಸರಾಸರಿಯೇ ಇದು. ಆದರೆ ಆ 12 ದೋಣಿಗಳನ್ನು ಆರಿಸುವಾಗ ಬಹಳ ಎಚ್ಚರ ಬೇಕು. ತುಂಬಿ ಬಂದ ದೋಣಿಗಳನ್ನೇ ಆರಿಸಿದರೆ ಲೆಕ್ಕ ಏರುತ್ತದೆ, ಖಾಲಿ ಬಂದವನ್ನೇ ಆರಿಸಿದರೆ ಇಳಿಯುತ್ತದೆ. ಅದಕ್ಕೇ ಚೀಟಿ ಎತ್ತಿದ ಹಾಗೆ, ಮನಸ್ಸಿಗೆ ಬಂದಂತೆ ಅಲ್ಲದೆ ಒಂದು ನಿಯಮದಂತೆ ಆರಿಸುತ್ತಾರೆ. ದೋಣಿಯವರು ತಪ್ಪು ಹೇಳಿದರೆ? ಲೆಕ್ಕವೂ ತಪ್ಪುತ್ತದೆ. ಸಂಶೋಧನಾ ಸಂಸ್ಥೆಯ ಗೋಡೆಯ ಮೇಲೆ ನೀವು ನೋಡುವ ಬಣ್ಣದ ನಕ್ಷೆಗಳು ನಿಮ್ಮ ಊರಿನ ದಕ್ಕೆಯಲ್ಲೇ ಶುರುವಾಗಿರುತ್ತವೆ.

ಈ ಲೆಕ್ಕದಿಂದ ಏನು ತಿಳಿಯುತ್ತದೆ ಎಂಬುದಕ್ಕೆ ತಾರ್ಲೆಯ ಉದಾಹರಣೆ ಸಾಕು. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ತಾರ್ಲೆ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಸುಮಾರು 3,300 ಟನ್. ನೂರು ಬುಟ್ಟಿ ಬರುತ್ತಿದ್ದಲ್ಲಿ ಒಂದು ಬುಟ್ಟಿಯೂ ತುಂಬಲಿಲ್ಲ. ತಾರ್ಲೆ ಎರಡು ಮೂರು ವರ್ಷ ಮಾತ್ರ ಬದುಕುವ ಮೀನು. ಎರಡು ವರ್ಷ ಸರಿಯಾಗಿ ಮರಿಯಾಗದಿದ್ದರೂ ಅದರ ಸಂಖ್ಯೆ ಥಟ್ಟನೆ ಕುಸಿಯುತ್ತದೆ. 2015-16ರ ಎಲ್ ನಿನೋ ಸಮಯದಲ್ಲಿ ಕಡಲಿನ ನೀರು ಬಿಸಿಯಾದದ್ದು ಒಂದು ಕಾರಣ, ಸಣ್ಣ ಮೀನುಗಳನ್ನೂ ಬಿಡದೆ ಹಿಡಿದದ್ದು ಇನ್ನೊಂದು ಕಾರಣ ಎಂದು ವಿಜ್ಞಾನಿಗಳು ಹೇಳುತ್ತಾರೆ. ವರ್ಷವರ್ಷವೂ ದಕ್ಕೆಯಲ್ಲಿ ಲೆಕ್ಕ ಬರೆದಿಡದೇ ಇದ್ದಿದ್ದರೆ, ‘ಈ ಸಲ ಮೀನಿಲ್ಲ’ ಎಂಬ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಎಷ್ಟು ಇಲ್ಲ, ಯಾವಾಗಿನಿಂದ ಇಲ್ಲ ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ.

ಅಪ್ಪ ಮನೆಯಲ್ಲಿರುವ ಎರಡು ತಿಂಗಳು

ಮೀನುಗಾರರ ಮನೆಯ ಮಕ್ಕಳಿಗೆ ಜೂನ್, ಜುಲೈ ಎಂದರೆ ಗೊತ್ತು. ಶಾಲೆ ಶುರು, ಮಳೆ ಶುರು, ಯಾಂತ್ರಿಕ ದೋಣಿಗಳು ದಡದಲ್ಲಿ. ನಮ್ಮ ಪಶ್ಚಿಮ ಕರಾವಳಿಯಲ್ಲಿ 2015ರಿಂದ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಯಂತ್ರವಿಲ್ಲದ ಸಾಂಪ್ರದಾಯಿಕ ದೋಣಿಗಳಿಗೆ ವಿನಾಯಿತಿ ಇದೆ. ಹೊಸ ಪುಸ್ತಕ, ಕೊಡೆ, ಚಪ್ಪಲಿಗೆ ಹಣ ಬೇಕಾಗುವ ಹೊತ್ತಿನಲ್ಲೇ ಸಂಪಾದನೆ ನಿಂತಿರುತ್ತದೆ. ನಮ್ಮ ಶಾಲೆಗಳಲ್ಲಿ ಪಾಠ ಮಾಡುವ ನನ್ನಂಥವರು ಇದನ್ನು ಪ್ರತಿ ವರ್ಷ ನೋಡುತ್ತೇವೆ.

ಹಾಗಾದರೆ ಈ ಎರಡು ತಿಂಗಳೇ ಏಕೆ? ಆ ಹುಡುಗಿ ಅಂದು ಕೇಳಿದ ಮೂರನೆಯ ಪ್ರಶ್ನೆ ಇದು. ಇದನ್ನು ಕೇಳುವಾಗ ಅವಳ ಧ್ವನಿ ಸ್ವಲ್ಪ ಗಟ್ಟಿಯಾಗಿಯೇ ಇತ್ತು.

ಸಂಶೋಧಕರು ರಿಜಿಸ್ಟರಿನ ಪುಟ ತಿರುಗಿಸುತ್ತ ತಿಂಗಳುಗಳನ್ನು ತೋರಿಸಿದರು. ಮಳೆಗಾಲದ ಪುಟಗಳಿಗೆ ಬಂದಾಗ ಮೊಟ್ಟೆ ತುಂಬಿದ ತಾರ್ಲೆಗಳ ಸಂಖ್ಯೆ ಹೆಚ್ಚಾಗುತ್ತಿತ್ತು. ಮಳೆಗಾಲದಲ್ಲಿ ನದಿಗಳ ನೀರು ಕಡಲಿಗೆ ಬರುತ್ತದೆ, ಕಡಲಿನ ಆಳದ ತಣ್ಣನೆಯ ನೀರೂ ಮೇಲೇಳುತ್ತದೆ. ಆ ನೀರಿನಲ್ಲಿ ಗೊಬ್ಬರದಂಥ ಪೋಷಕಾಂಶಗಳಿರುತ್ತವೆ. ಅವುಗಳಿಂದ ಕಣ್ಣಿಗೆ ಕಾಣದ ಪ್ಲವಕ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಮರಿಮೀನಿಗೆ ಊಟ ಸಿದ್ಧವಾಗುವ ಹೊತ್ತಿಗೇ ಮೀನು ಮೊಟ್ಟೆಯಿಡುತ್ತದೆ. ಅದೇ ದಿನಗಳಲ್ಲಿ ಕಡಲು ಉಗ್ರವಾಗಿರುವುದರಿಂದ ಮೀನುಗಾರರ ಪ್ರಾಣಕ್ಕೂ ಅಪಾಯ. ಹೀಗೆ ಎರಡು ಕಾರಣ ಸೇರಿ ಈ ದಿನಗಳನ್ನು ಆರಿಸಲಾಗಿದೆ.

ಆದರೆ ಅವರು ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಿದರು. ಎಲ್ಲ ಮೀನುಗಳೂ ಈ 61 ದಿನಗಳಲ್ಲೇ ಮೊಟ್ಟೆಯಿಡುವುದಿಲ್ಲ. ಬಂಗಡೆಯದು ಇನ್ನೂ ಉದ್ದದ ಕಾಲ. ಕೆಲವು ಜಾತಿಗಳು ವರ್ಷದ ಬೇರೆ ತಿಂಗಳುಗಳಲ್ಲಿ ಮೊಟ್ಟೆಯಿಡುತ್ತವೆ. ಆದ್ದರಿಂದ ನಿಷೇಧವೊಂದೇ ಸಾಲದು, ಬಲೆಯ ಕಣ್ಣಿನ ಅಳತೆಯೂ ಮುಖ್ಯ ಎಂದರು. ಅವಳು ಮನೆಗೆ ಹೋಗಿ ಇದನ್ನೆಲ್ಲ ಅಪ್ಪನಿಗೆ ಹೇಳಿದಳಂತೆ. ಅಪ್ಪ ಒಪ್ಪಿದರೇ ಎಂದು ನಾನು ಕೇಳಿದೆ. “ಅರ್ಧ ಒಪ್ಪಿದ್ರು. ಮುಂದಿನ ಸಲ ನಾನೂ ಬರ್ತೇನೆ, ಬಲೆ ಬಗ್ಗೆ ಕೇಳೂದಿದೆ ಅಂದ್ರು” ಎಂದಳು. ಅವಳ ಅಜ್ಜ ರಂಪಣಿ ಬಲೆ ಎಳೆಯುತ್ತಿದ್ದವರು. ಆ ಮನೆಯಲ್ಲಿ ಬಲೆಯ ಬಗ್ಗೆ ಕೇಳುವುದಕ್ಕೆ ಬಹಳ ಇದೆ.

ಯಾವಾಗ, ಎಲ್ಲಿ?

ರಾಮನ್ ಪರಿಣಾಮ ಎಂಬ ಶೋಧ ನಡೆದದ್ದು 1928ರ ಫೆಬ್ರುವರಿ 28ರಂದು. ಅದರ ನೆನಪಿಗಾಗಿ 1987ರಿಂದ ಆ ದಿನವನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುತ್ತೇವೆ. ಅನೇಕ ಕಡೆ ವಸ್ತುಪ್ರದರ್ಶನ, ಉಪನ್ಯಾಸಗಳು ನಡೆಯುವುದು ಅದರ ಆಸುಪಾಸಿನಲ್ಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮುಕ್ತ ದಿನಕ್ಕೆ ಸಾವಿರಾರು ಜನ ಸೇರುತ್ತಾರೆ. ಕೊಚ್ಚಿಯ ಮೀನುಗಾರಿಕೆ ಸಂಸ್ಥೆ ತನ್ನ ಸ್ಥಾಪನಾ ದಿನದ ಸುಮಾರಿಗೆ ಬಾಗಿಲು ತೆರೆಯುತ್ತದೆ. ನಮಗೆ ಹತ್ತಿರದ ಇನ್ನೊಂದು ದೊಡ್ಡ ಸಂಸ್ಥೆ ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ. ಇದು 1966ರಲ್ಲಿ ಆರಂಭವಾಯಿತು. ಇದರ ಮಾತೃಸಂಸ್ಥೆಯ ಸ್ಥಾಪನಾ ದಿನ ಸೆಪ್ಟೆಂಬರ್ 26, ಆ ಸಂಸ್ಥೆಗೆ ಸೇರಿದ ಪ್ರಯೋಗಶಾಲೆಗಳಲ್ಲಿ ಅಂದು ಮುಕ್ತ ದಿನ ನಡೆಸುವ ರೂಢಿಯಿದೆ.

ಅಷ್ಟು ದೂರ ಹೋಗಲಾಗದಿದ್ದರೆ ಕೋಡಿಬಾಗವೇ ಇದೆಯಲ್ಲ. ದಿನಾಂಕ, ಸಮಯ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ನಿಮ್ಮ ಮುಖ್ಯೋಪಾಧ್ಯಾಯರು ಒಂದು ತಿಂಗಳು ಮೊದಲೇ ಪತ್ರ ಬರೆದು ಅನುಮತಿ ಕೇಳುವುದು ಒಳ್ಳೆಯದು. ಶಿಕ್ಷಕರಿಗೆ ನನ್ನದೊಂದು ವಿನಂತಿ: ನಲವತ್ತು ಮಕ್ಕಳನ್ನು ಒಂದೇ ಸಾಲಿನಲ್ಲಿ ಓಡಿಸಬೇಡಿ. ಹತ್ತು ಹತ್ತು ಜನರ ಗುಂಪು ಮಾಡಿ, ಒಂದು ಗುಂಪು ಒಂದೇ ಮೇಜಿನ ಬಳಿ ಅರ್ಧ ಗಂಟೆ ನಿಂತರೂ ಪರವಾಗಿಲ್ಲ. ಉಳಿದ ಮೇಜುಗಳು ಮುಂದಿನ ವರ್ಷಕ್ಕಿರಲಿ.

ಮಕ್ಕಳೇ, ನೀವು ಅಲ್ಲಿ ‘ಇದು ಏನು?’ ಎಂದು ಕೇಳಿದರೆ ಹೆಸರು ಸಿಗುತ್ತದೆ. ಅದು ಬಾಟಲಿಯ ಮೇಲೆಯೇ ಇದೆ. ‘ಇದು ನಿಮಗೆ ಹೇಗೆ ಗೊತ್ತಾಯಿತು?’ ಎಂದು ಕೇಳಿ ನೋಡಿ. ಆಗ ಅವರು ರಿಜಿಸ್ಟರ್ ತೆರೆಯುತ್ತಾರೆ.

ಹೋಗುವ ಮೊದಲು ಮಾಡಿ ನೋಡಿ

ಬರಿಗೈಯಲ್ಲಿ ಹೋಗಬೇಡಿ. ನಮ್ಮ ಕಡೆ ದೋಡಿ ಎನ್ನುವ ಮೀನು ನಿಮಗೆ ಗೊತ್ತಲ್ಲ? ಅದರ ತಲೆಯೊಳಗೆ ಎರಡು ಬಿಳಿಯ ಕಲ್ಲುಗಳಿರುತ್ತವೆ. ತಿನ್ನುವಾಗ ಹಲ್ಲಿಗೆ ಸಿಕ್ಕಿರಲೂಬಹುದು. ಅವು ಮೀನಿನ ಕಿವಿಯ ಕಲ್ಲುಗಳು. ಮೀನಿಗೆ ಹೊರಗೆ ಕಿವಿ ಇಲ್ಲದಿದ್ದರೂ ಒಳಗಿವಿ ಇದೆ. ಶಬ್ದ ತಿಳಿಯಲು, ನೀರಿನಲ್ಲಿ ಸಮತೋಲ ಕಾಯ್ದುಕೊಳ್ಳಲು ಈ ಕಲ್ಲುಗಳು ಬೇಕು. ಎಲ್ಲ ಮೂಳೆಮೀನುಗಳಲ್ಲೂ ಇವು ಇರುತ್ತವೆ. ಬಂಗಡೆಯಲ್ಲಿ ತೀರ ಸಣ್ಣವು, ಹುಡುಕುವುದು ಕಷ್ಟ. ದೋಡಿಯ ಜಾತಿಯಲ್ಲಿ ದೊಡ್ಡವು. ಅದರ ಬಳಗದ ಒಂದು ಮೀನಿಗೆ ಇಟ್ಟ ‘ಓಟೋಲಿಥಸ್’ ಎಂಬ ವೈಜ್ಞಾನಿಕ ಹೆಸರಿನ ಅರ್ಥವೇ ಕಿವಿಕಲ್ಲು.

ಮೀನು ಬೆಳೆದಂತೆ ಈ ಕಲ್ಲಿನ ಮೇಲೆ ಪದರ ಪದರವಾಗಿ ಸುಣ್ಣದ ಅಂಶ ಕೂಡುತ್ತ ಹೋಗುತ್ತದೆ, ಮರದ ಕಾಂಡದಲ್ಲಿ ಉಂಗುರ ಮೂಡಿದಂತೆ. 1899ರಲ್ಲಿ ರೈಬಿಶ್ ಎಂಬ ಜರ್ಮನ್ ವಿಜ್ಞಾನಿ ಈ ಉಂಗುರಗಳಿಂದ ಮೀನಿನ ವಯಸ್ಸು ಎಣಿಸಿದರು. 1971ರಲ್ಲಿ ಪನ್ನೆಲ್ಲಾ ಎಂಬುವರು, ದಿನಕ್ಕೊಂದರಂತೆ ಮೂಡುವ ಅತಿ ತೆಳುವಾದ ಉಂಗುರಗಳೂ ಇವೆ ಎಂದು ತೋರಿಸಿದರು. ನಮ್ಮಲ್ಲಿ ಹಿಮ ಬೀಳುವಂಥ ಚಳಿಗಾಲ ಇಲ್ಲದ್ದರಿಂದ ವರ್ಷದ ಉಂಗುರ ಅಷ್ಟು ಸ್ಪಷ್ಟವಾಗಿ ಮೂಡುವುದಿಲ್ಲ. ಹಾಗಾಗಿ ನಮ್ಮ ಕಡಲಿನ ಮರಿಮೀನುಗಳ ವಯಸ್ಸು ತಿಳಿಯಲು ದಿನದ ಉಂಗುರಗಳೇ ಹೆಚ್ಚು ಸಹಾಯಕ. ಅವನ್ನು ನೋಡಲು ಒಳ್ಳೆಯ ಸೂಕ್ಷ್ಮದರ್ಶಕ ಬೇಕು.

ಮನೆಯಲ್ಲಿ ದೋಡಿ ತಂದ ದಿನ ಮೊದಲು ಅದರ ಉದ್ದವನ್ನು ಮೂತಿಯಿಂದ ಬಾಲದ ತುದಿಯವರೆಗೆ ಅಳೆಯಿರಿ. ತಲೆಯನ್ನು ಸೀಳಿಕೊಡಲು ಆಯಿಗೋ ಅಜ್ಜಿಗೋ ಹೇಳಿ, ಕತ್ತಿಯನ್ನು ನೀವು ಹಿಡಿಯಬೇಡಿ. ಕಣ್ಣಿನ ಹಿಂದೆ, ಮಿದುಳಿನ ಕೆಳಗೆ ಕಲ್ಲುಗಳು ಸಿಗುತ್ತವೆ. ತೊಳೆದು, ಒರೆಸಿ, ನೆರಳಿನಲ್ಲಿ ಒಣಗಿಸಿ. ಒಂದನ್ನು ನಡುವೆ ಮುರಿದು, ಮುರಿದ ಮೈಯನ್ನು ಮರಳುಕಾಗದದ ಮೇಲೆ ನಯವಾಗಿ ಉಜ್ಜಿ ಭೂತಗನ್ನಡಿಯಲ್ಲಿ ನೋಡಿ. ತಿಳಿ ಮತ್ತು ಗಾಢ ಪಟ್ಟಿಗಳು ಕಾಣುತ್ತವೆಯೇ? ಇನ್ನೊಂದನ್ನು ಮುರಿಯದೆ ಖಾಲಿ ಬೆಂಕಿಪೆಟ್ಟಿಗೆಯಲ್ಲಿ ಹತ್ತಿಯ ಮೇಲೆ ಇಡಿ. ಪೆಟ್ಟಿಗೆಯ ಮೇಲೆ ಮೀನಿನ ಹೆಸರನ್ನು ನಿಮ್ಮ ಮನೆಯಲ್ಲಿ ಕರೆಯುವಂತೆಯೇ ಬರೆಯಿರಿ. ಜೊತೆಗೆ ಉದ್ದ, ದಿನಾಂಕ, ಎಲ್ಲಿ ಹಿಡಿದದ್ದು, ಯಾವ ಬಲೆಯಲ್ಲಿ ಹಿಡಿದದ್ದು ಎಂದೂ ಬರೆಯಿರಿ. ಮುಕ್ತ ದಿನ ಬಂದಾಗ ಆ ಪೆಟ್ಟಿಗೆಯನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ, ಸೂಕ್ಷ್ಮದರ್ಶಕದ ಬಳಿ ಕುಳಿತವರ ಕೈಗೆ ಕೊಡಿ.